ಬೀಜಕ್ಕೆಂದು ತೆಗೆದಿಟ್ಟ ರಬ್ಬರು

ಗೋದಾಮಿನ ಕೆಲಸಕ್ಕೆ ಸೇರಿದವರು ಮೊದಲು ಕಲಿಯಬೇಕಾದ ಮಾತು 'ಇಲ್ಲ' ಅನ್ನುವುದು. ವಸ್ತು ಇದ್ದರೆ ಕೊಡು, ಇಲ್ಲದಿದ್ದರೆ ಇಲ್ಲ ಅನ್ನು, ಮುಂದಿನವರನ್ನು ಕರೆ. ನನಗೆ ಮಾತ್ರ ಆ ಮಾತು ಬಾಯಿಗೆ ಬರುತ್ತಿರಲಿಲ್ಲ. ಇಲ್ಲ ಅಂದರೆ ಸೋತ ಹಾಗೆ ಅನಿಸುತ್ತಿತ್ತು, ಮೈಯೆಲ್ಲ ಉರಿಯುತ್ತಿತ್ತು. ಆ ಹಠದಿಂದ ಒಬ್ಬ ಮನುಷ್ಯನ ಜೀವ ಹೋಗುವುದರಲ್ಲಿತ್ತು. ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ, ಕೂತಾಗಲೆಲ್ಲ ಬೇರೆ ಏನೋ ಕೆಲಸ ನೆನಪು ಮಾಡಿಕೊಂಡು ಎದ್ದಿದ್ದೇನೆ.

ನಾನು ಕೆಲಸ ಮಾಡುವ ಕಂಪನಿಗೆ ಫೌಜಿ, ಅಂದರೆ ಸೈನ್ಯದ, ಗಾಡಿಗಳ ರಿಪೇರಿಯ ಗುತ್ತಿಗೆ ಇದೆ. ಫೌಜಿ ಅಂದ ಕೂಡಲೇ ನಮ್ಮೂರಿನವರು ತೋಪು, ಟ್ಯಾಂಕು ಅಂತ ಕಣ್ಣರಳಿಸುತ್ತಾರೆ. ಅಂಥದ್ದೇನೂ ಇಲ್ಲ. ಜವಾನರನ್ನೂ ಸಾಮಾನನ್ನೂ ಹೊರುವ ಹಸಿರು ಟ್ರಕ್ಕುಗಳು, ಅಷ್ಟೇ. ಅವುಗಳ ಬಿಡಿಭಾಗಗಳಿಗೆ ಮೂರು ಗೋದಾಮು. ಜಹೀರಾಬಾದಿನದು ದೊಡ್ಡದು, ಮುಂಬೈ ಹೆದ್ದಾರಿಯಿಂದ ಸ್ವಲ್ಪ ಒಳಗೆ. ಅಲ್ಲಿ ಕಂಪ್ಯೂಟರ್ ಇದೆ, ರಬ್ಬರ್ ಸಾಮಾನಿಗೆ ತಂಪು ಕೋಣೆ ಇದೆ, ಮ್ಯಾನೇಜರ್ ಇದ್ದಾರೆ, ನಾನಿದ್ದೇನೆ. ನಾರಾಯಣಖೇಡದ್ದು ಬಾಡಿಗೆಗೆ ಹಿಡಿದ ಹಳೆಯ ಹತ್ತಿ ಗೋದಾಮು. ತಗಡಿನ ಛಾವಣಿ. ಸ್ಪ್ರಿಂಗ್ ಪಟ್ಟಿ, ಆಕ್ಸಲ್ ಮುಂತಾದ ಭಾರದ ಕಬ್ಬಿಣವೆಲ್ಲ ಅಲ್ಲಿ. ತಾಂಡೂರಿನದು ವರ್ಕ್‌ಶಾಪಿಗೆ ಅಂಟಿಕೊಂಡ ಚಿಕ್ಕ ಸ್ಟೋರು. ಸುತ್ತ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಗಳು, ಹಾಗಾಗಿ ಅಲ್ಲಿನ ರಿಜಿಸ್ಟರ್ ತೆರೆದರೆ ಕೈಗೆ ಬಿಳಿ ಪುಡಿ ಹತ್ತುತ್ತದೆ. ಗಾಡಿಗಳು ರಿಪೇರಿಗೆ ತಾಂಡೂರಿಗೆ ಬರುತ್ತವೆ, ಸಾಮಾನು ಉಳಿದ ಎರಡು ಕಡೆಯಿಂದ ಹೋಗಬೇಕು. ಮೂರೂ ಕಡೆ ಏನಿದೆ, ಏನಿಲ್ಲ ಎಂದು ನೋಡಿಕೊಳ್ಳುವುದು ನನ್ನ ಕೆಲಸ.

ನನ್ನ ತವರು ಪಸ್ತಾಪುರದ ಹತ್ತಿರದ ಹಳ್ಳಿ. ನಮ್ಮ ಕೇರಿಯಿಂದ ಐ.ಟಿ.ಐ. ಓದಿದ ಮೊದಲ ಹೆಣ್ಣು ನಾನು. ಆರನೇ ಕ್ಲಾಸಿನಿಂದಲೇ ಹಾಸ್ಟೆಲಿನಲ್ಲಿದ್ದೆ. ಅವ್ವನಿಗೆ ಎರಡು ಎಕರೆ ಕೆಂಪು ನೆಲ. ಅದರಲ್ಲಿ ಸಜ್ಜೆ, ನವಣೆ, ಸಾವೆ, ತೊಗರಿ ಎಲ್ಲವನ್ನೂ ಸಾಲು ಸಾಲಾಗಿ ಬೆರೆಸಿ ಬಿತ್ತುತ್ತಿದ್ದಳು. ಹೆಂಗಸರ ಸಂಘದಲ್ಲಿ ಬೀಜದ ವಿಷಯಕ್ಕೆ ಅವಳ ಮಾತೇ ಕಡೆಯ ಮಾತು. ಮನೆಯ ಮೂಲೆಯಲ್ಲಿ ಸೆಗಣಿ ಬಳಿದ ಬುಟ್ಟಿಗಳ ಸಾಲು ಇರುತ್ತಿತ್ತು. ಬೀಜಕ್ಕೆ ಬೂದಿ ಬೆರೆಸಿ, ಒಣಗಿದ ಬೇವಿನೆಲೆ ಹಾಕಿ, ಬಾಯಿಗೆ ಮಣ್ಣು ಮೆತ್ತಿ ಇಡುತ್ತಿದ್ದಳು. ನಾನು ಸಂಕ್ರಾಂತಿ ರಜೆಗೆ ಬಂದಾಗ ನೋಡುತ್ತಿದ್ದದ್ದು ಆ ಮುಚ್ಚಿದ ಬಾಯಿಗಳನ್ನು. ಮನೆಯಲ್ಲಿ ಹಿಟ್ಟು ಮುಗಿದಿದ್ದರೂ ಅವುಗಳನ್ನು ಮುಟ್ಟುವಂತಿರಲಿಲ್ಲ. ಒಮ್ಮೆ ಹಸಿದು ಕೈ ಹಾಕಲು ಹೋದವಳ ಮುಂಗೈಗೆ ಅವ್ವ ಸೌಟಿನಿಂದ ಕೊಟ್ಟ ಪೆಟ್ಟು ಇನ್ನೂ ನೆನಪಿದೆ.

"ಬುಟ್ಟಿ ಬರಿದ ಮಾಡಬಾರದು. ತಳದಾಗ ಬೀಜಕ್ಕಂತ ಉಳೀಬೇಕು," ಅಂದಿದ್ದಳು. ಅಷ್ಟು ಮಾತು ನನ್ನೊಳಗೆ ಉಳಿಯಿತು.

ಕೆಲಸಕ್ಕೆ ಸೇರಿದ ಮೊದಲ ವರ್ಷ ತಾಂಡೂರಿನಲ್ಲಿ ಒಂದು ಗಾಡಿ ಬಹಳ ದಿನ ನಿಂತಿತು. ಬೇಕಾದದ್ದು ಎಣ್ಣೆ ಸೋರದಂತೆ ತಡೆಯುವ ಒಂದು ರಬ್ಬರ್ ಸೀಲು. ಬಳೆಗಿಂತ ಚಿಕ್ಕದು. ಮೂರೂ ಗೋದಾಮಿನಲ್ಲಿ ಇರಲಿಲ್ಲ. ಗಾಡಿ ನೋಡಲು ಬಂದ ಫೌಜಿನ ಅಧಿಕಾರಿ ಒಬ್ಬರು ಎಲ್ಲರೆದುರು ನನ್ನನ್ನು ಕರೆದು, ನಿನ್ನ ಮೂರು ಗೋದಾಮಿಗಿಂತ ನಮ್ಮ ಮನೆಯ ಸ್ಟೋರ್ ರೂಮು ಮೇಲು, ಅಂದರು. ಹಿಂದಿಯಲ್ಲಿ ಅಂದದ್ದು, ಆದರೆ ಅಲ್ಲಿದ್ದ ಎಲ್ಲರಿಗೂ ಅರ್ಥವಾಯಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರಲ್ಲ, ನನ್ನದು ರಬ್ಬರಿನ ಬಳೆಗೆ ಹೋಯಿತು. ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿಕೊಂಡು ಅಳುತ್ತ ಬಂದೆ. ಇನ್ನು ಮೇಲೆ ನನ್ನ ಬುಟ್ಟಿ ಬರಿದಾಗುವುದಿಲ್ಲ ಎಂದು ಆ ದಿನವೇ ಶಪಥ ಮಾಡಿದೆ.

ಅಂದಿನಿಂದ ಸಾಮಾನಿನ ಯಾವ ಲಾಟು ಬಂದರೂ ಅದರಲ್ಲಿ ಒಂದನ್ನು ತೆಗೆದಿಡತೊಡಗಿದೆ. ಹೇಗೆ ಅಂದರೆ, 'ಸಾಗಣೆಯಲ್ಲಿ ಜಜ್ಜಿದೆ' ಎಂದು ಕಾಗದದಲ್ಲಿ ಬರೆದು ಕಂಪ್ಯೂಟರಿನ ಲೆಕ್ಕದಿಂದ ಒಂದನ್ನು ಇಳಿಸಿಬಿಡುತ್ತಿದ್ದೆ. ಕದ್ದು ಮಾರಿದವಳಲ್ಲ, ಮನೆಗೆ ಒಯ್ದವಳೂ ಅಲ್ಲ. ಆದರೆ ಬರೆದದ್ದು ಸುಳ್ಳು. ಸುಳ್ಳಿಗೆ ನಾನು ಕೊಟ್ಟುಕೊಂಡ ಹೆಸರು ಬೀಜ.

ಜಹೀರಾಬಾದಿನಲ್ಲಿ ತಪಾಸಣೆಯವರು ಕೈಯಲ್ಲಿ ಯಂತ್ರ ಹಿಡಿದು ಪ್ರತಿ ಪೊಟ್ಟಣದ ಬಾರ್‌ಕೋಡ್ ಗೆರೆಗಳನ್ನು ಓದಿಸುತ್ತ ಬರುತ್ತಾರೆ. ಹೆಚ್ಚಿಗೆ ಒಂದು ಸಿಕ್ಕರೂ ಪ್ರಶ್ನೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವ ಜಾತಿ ನಾನು, ಅವರೆದುರು ನಿಂತು ಉತ್ತರ ಕೊಡುವ ಧೈರ್ಯವಿರಲಿಲ್ಲ. ಅದಕ್ಕೆ ನನ್ನ ಬೀಜಗಳನ್ನೆಲ್ಲ ನಾರಾಯಣಖೇಡಕ್ಕೆ ಸಾಗಿಸಿದೆ. ಅಲ್ಲಿ ಆಕ್ಸಲುಗಳ ಹಿಂದೆ ಒಂದು ಕಬ್ಬಿಣದ ಟ್ರಂಕು. ಪ್ರತಿ ಸೋಮವಾರ ನಾನು ಆ ಗೋದಾಮು ನೋಡಲು ಹೋಗುತ್ತಿದ್ದೆ, ಹೋದಾಗಲೆಲ್ಲ ಒಂದೆರಡು ಸೇರಿಸುತ್ತಿದ್ದೆ. ಕಂಪನಿಯ ಪೊಟ್ಟಣ ಹರಿದು ಒಗೆದು, ಅವ್ವನ ಹಳೆಯ ಸೀರೆಯಲ್ಲಿ ಹೊಲಿದ ಪುಟ್ಟ ಚೀಲಕ್ಕೆ ಹಾಕಿ, ಮೇಲೆ ಭಾಗದ ನಂಬರನ್ನು ನನ್ನ ಕೈಯಿಂದಲೇ ಬರೆಯುತ್ತಿದ್ದೆ. ಒಳಗೆ ನಾಲ್ಕು ಬೇವಿನೆಲೆ. ರಬ್ಬರಿಗೆ ಹುಳ ಬೀಳುವುದಿಲ್ಲ ಅಂತ ನನಗೆ ಗೊತ್ತಿಲ್ಲದೇನಿಲ್ಲ. ಆದರೂ ಹಾಕುತ್ತಿದ್ದೆ. ಬೇವು ಹಾಕದಿದ್ದರೆ ಬೀಜ ಅನಿಸುತ್ತಿರಲಿಲ್ಲ.

ಟ್ರಂಕು ಎಷ್ಟೋ ಸಲ ಮಾನ ಉಳಿಸಿತು. ಮೂರೂ ಕಡೆ ಇಲ್ಲ ಎಂದು ಕಂಪ್ಯೂಟರ್ ಹೇಳಿದ ಸ್ವಿಚ್ಚು, ಮತ್ತೊಮ್ಮೆ ಒಂದು ಬೇರಿಂಗು, ಇನ್ನೊಮ್ಮೆ ನೀರಿನ ಪೈಪಿನ ಕ್ಲಿಪ್ಪು, ಎಲ್ಲ ಅದರಿಂದ ಬಂದವು. ಎಲ್ಲಿಂದ ತಂದಿ ಎಂದು ಯಾರೂ ಕೇಳಲಿಲ್ಲ. ಸಿಕ್ಕಿತಲ್ಲ ಎಂಬುದೇ ಅವರಿಗೆ ದೊಡ್ಡದು. ತಾಂಡೂರಿನ ಸ್ಟೋರ್ ಕೀಪರ್ ಬಶೀರಾಬಾದಿನಿಂದ ದಿನಾ ಬಸ್ಸಿಗೆ ಬರುವ ಮಾತುಗಾರ, ಹಣೆಗೆ ವಿಭೂತಿ ಇಲ್ಲದೆ ರಿಜಿಸ್ಟರ್ ಮುಟ್ಟದವನು. ಅವನು ನನಗೆ 'ಕಬ್ಬಿಣದ ಅನ್ನಪೂರ್ಣಿ' ಎಂದು ಹೆಸರಿಟ್ಟಿದ್ದ. ಹೊರಗೆ ಬೈಯುತ್ತಿದ್ದೆ, ಒಳಗೆ ಹಿಗ್ಗುತ್ತಿದ್ದೆ.

ಹೀಗೆ ಏಳನೆಯ ವರ್ಷ. ಏಪ್ರಿಲ್ ತಿಂಗಳು. ಆರು ಟ್ರಕ್ಕುಗಳನ್ನು ಶುಕ್ರವಾರ ಫೌಜಿನವರಿಗೆ ಒಪ್ಪಿಸಬೇಕಿತ್ತು. ಐದು ತಯಾರಾಗಿದ್ದವು. ಆರನೆಯದರ ಮುಂದಿನ ಎಡಚಕ್ರದ ಬ್ರೇಕಿಗೆ ಒಂದು ಡಯಾಫ್ರಾಮ್ ಬೇಕಿತ್ತು. ಗಾಳಿ ಬ್ರೇಕಿನ ಗಾಡಿಗಳಲ್ಲಿ ಚಕ್ರದ ಪಕ್ಕ ಒಂದು ಕಬ್ಬಿಣದ ಡಬ್ಬಿ ಇರುತ್ತದೆ. ಅದರೊಳಗೆ ಸಣ್ಣ ಚಪಾತಿಯಷ್ಟು ಅಗಲದ ರಬ್ಬರಿನ ತಟ್ಟೆ, ಅದೇ ಡಯಾಫ್ರಾಮ್. ಬ್ರೇಕ್ ತುಳಿದರೆ ಗಾಳಿ ಆ ರಬ್ಬರನ್ನು ತಳ್ಳುತ್ತದೆ, ರಬ್ಬರು ಸರಳನ್ನು ತಳ್ಳುತ್ತದೆ, ಚಕ್ರ ಹಿಡಿಯುತ್ತದೆ. ಆ ರಬ್ಬರು ಹರಿದರೆ ಗಾಳಿಯೆಲ್ಲ ಹೊರಗೆ ಹೋಗುತ್ತದೆ, ಕಾಲಡಿಯ ಪೆಡಲು ಪೊಳ್ಳಾಗುತ್ತದೆ. ಕಂಪ್ಯೂಟರಿನಲ್ಲಿ ಮೂರೂ ಗೋದಾಮಿನ ಎದುರು ಸೊನ್ನೆ ಇತ್ತು. ಹೊಸ ಲಾಟು ಬರಲು ಹತ್ತು ದಿನ.

"ವರ್ಕ್‌ಶಾಪಿನ ಸಾಹೇಬ್ರು ಫೌಜಿನವ್ರಿಗಿ ಬರ್ದು ಕೊಡ್ತೀನಂತಾರ ಅಕ್ಕಾ, ಒಂದ್ ಗಾಡಿ ಕಮ್ಮಿ ಅಂತ," ಎಂದು ತಾಂಡೂರಿನವನು ಬುಧವಾರ ಫೋನ್ ಮಾಡಿದ. "ನಿಮ್ಮ ಕಡಿ ಏನರೆ ಅದನ್ರಿ?"

ಆಗ ನಾನು 'ಇಲ್ಲ' ಅಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಒಂದು ಗಾಡಿ ಹತ್ತು ದಿನ ತಡವಾಗುತ್ತಿತ್ತು, ಮ್ಯಾನೇಜರ್ ನಾಲ್ಕು ಮಾತು ಅನ್ನುತ್ತಿದ್ದರು, ಅಷ್ಟೇ.

"ನಾಳಿ ಮುಂಜಾನಿ ಒಂಬತ್ತಕ್ಕ ನಿನ್ನ ಟೇಬಲ್ ಮ್ಯಾಲ ಇರ್ತದ," ಅಂದೆ.

ಮಧ್ಯಾಹ್ನವೇ ನಾರಾಯಣಖೇಡದ ಬಸ್ಸು ಹತ್ತಿದೆ. ತಗಡಿನ ಕೆಳಗೆ ಕಾಲಿಟ್ಟರೆ ಒಲೆಯ ಬಾಯಿಗೆ ಹೋದ ಹಾಗಿತ್ತು. ಟ್ರಂಕಿನ ಮುಚ್ಚಳ ಮುಟ್ಟಿದಾಗ ಕೈ ಸುಟ್ಟಿತು. ಸೆರಗು ಸುತ್ತಿ ತೆಗೆದೆ. ಆ ಬಿಸಿ ನನಗೆ ಏನನ್ನೂ ಹೇಳಲಿಲ್ಲ. ಹೇಳಿದ್ದರೂ ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಚೀಲಗಳನ್ನು ಸರಿಸುತ್ತ ತಳಕ್ಕೆ ಹೋದೆ, ತಳದಲ್ಲಿತ್ತು. ಬೇವಿನೆಲೆ ಪುಡಿಪುಡಿಯಾಗಿತ್ತು. ರಬ್ಬರನ್ನು ಬೆಳಕಿಗೆ ಹಿಡಿದು ನೋಡಿದೆ, ಕಪ್ಪಗೆ, ಅಚ್ಚುಕಟ್ಟಾಗಿ, ಬಿರುಕಿಲ್ಲದೆ ಇತ್ತು. ನಾರಾಯಣಖೇಡದಿಂದ ತಾಂಡೂರಿಗೆ ಬೆಳಗಿನ ಜಾವ ಹೊರಡುವ ಕಂಪನಿಯ ವ್ಯಾನಿನವನ ಕೈಗೆ ಚೀಲ ಕೊಟ್ಟು, ಕೂಸನ್ನು ಒಪ್ಪಿಸಿದ ಹಾಗೆ ನಾಲ್ಕು ಸಲ ಹೇಳಿ ಬಂದೆ.

ಮರುದಿನ ಗುರುವಾರ ಹನ್ನೊಂದೂವರೆ ಗಂಟೆಗೆ ತಾಂಡೂರಿನಿಂದ ಫೋನು.

"ಅಕ್ಕಾ, ಅನ್ನಪೂರ್ಣೀ, ಬಚಾಯಿಸಿದ್ರಿ ನೋಡ್ರಿ. ಎಂಟೂವರಿಗೇ ಬಂತು, ಬಂದ ಕೂಡಲೇ ಫಿಟ್ ಮಾಡಿದ್ರು, ಗಾಡಿ ಟ್ರಯಲ್‌ಗಿ ಹೋಗ್ಯದ. ಕಾಗದ ಈಗ ಬರೀಲಿಕತ್ತೀನಿ. ಒಂದೇ ಕಾಲಂ ಖಾಲಿ ಅದ. ರಬ್ಬರ್ ತಯಾರಾದ ತಾರೀಖು ಏನ್ ಬರೀಲಿ? ಚೀಲದಾಗ ಹುಡುಕೀನಿ, ಬರೇ ಬೇವಿನ ಪುಡಿ ಅದ."

ರಬ್ಬರಿನ ಸಾಮಾನಿಗೆ ಆಯುಷ್ಯ ಇರುತ್ತದೆ. ತಯಾರಾದ ತಾರೀಖು ಪೊಟ್ಟಣದ ಮೇಲೆ ಇರುತ್ತದೆ. ಆಯುಷ್ಯ ಮುಗಿದದ್ದನ್ನು ಕತ್ತರಿಯಿಂದ ಎರಡು ತುಂಡು ಮಾಡಿ ಒಗೆಯಬೇಕೆಂದು ನಿಯಮ. ಜಹೀರಾಬಾದಿನ ತಂಪು ಕೋಣೆಯಲ್ಲಿ ಆ ಕತ್ತರಿ ಹಿಡಿಯುವವಳು ನಾನೇ. ತಿಂಗಳಿಗೊಮ್ಮೆ ಕೂತು ಕತ್ತರಿಸುತ್ತೇನೆ. ಅಂಥ ನಾನು ಆ ಪೊಟ್ಟಣವನ್ನು ಯಾವಾಗ ಹರಿದೆ ಎಂದು ನೆನಪು ಮಾಡಿಕೊಂಡೆ. ಸೀಲಿಗಾಗಿ ಅತ್ತ ವರ್ಷ. ಟ್ರಂಕಿಗೆ ಹೋದ ಮೊದಲ ಐದಾರು ಚೀಲಗಳಲ್ಲಿ ಅದೊಂದು. ತಳದಲ್ಲಿ ಸಿಕ್ಕಿದ್ದೇ ಅದಕ್ಕೆ. ಅದರ ಆಯುಷ್ಯ ಎಂದೋ ಮುಗಿದಿತ್ತು. ತಂಪು ಕೋಣೆಯಲ್ಲಿದ್ದರೂ ಮುಗಿದಿರುತ್ತಿತ್ತು, ಅದು ಏಳು ಬೇಸಿಗೆ ತಗಡಿನ ಕೆಳಗೆ ಬೆಂದಿತ್ತು.

"ಹಲೋ? ಅಕ್ಕಾ? ಹೋದ ವರ್ಷದ್ದು ಅಂತ ಬರೀಲೇನು?"

ಅವನು ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ. ಕಾಲಂ ತುಂಬಿದರೆ ಕಾಗದ ಮುಂದೆ ಹೋಗುತ್ತದೆ ಎಂದು ಕೇಳಿದ. ನಾಚಿಕೆ ಬಿಟ್ಟು ಹೇಳುತ್ತೇನೆ, ಆಗ ನನಗೆ ಮೊದಲು ಹೊಳೆದದ್ದು ಗಾಡಿಯಲ್ಲ, ಗಾಡಿಯಲ್ಲಿದ್ದ ಮನುಷ್ಯನೂ ಅಲ್ಲ. ಟ್ರಂಕು. ಟ್ರಂಕು ಹೊರಗೆ ಬಂದರೆ ನನ್ನ ಕೆಲಸ ಹೋಗುತ್ತದೆ, ಏಳು ವರ್ಷದ 'ಜಜ್ಜಿದೆ' ಎಂಬ ಸುಳ್ಳು ಕಾಗದಗಳು ಹೊರಗೆ ಬರುತ್ತವೆ, ಕೇರಿಯಲ್ಲಿ ಅವ್ವ ತಲೆ ತಗ್ಗಿಸಬೇಕಾಗುತ್ತದೆ. 'ಹ್ಞೂಂ ಬರಿ' ಎಂಬ ಮಾತು ಗಂಟಲಿಗೆ ಬಂದಿತ್ತು. ಒಂದು ಉಸಿರು, ಎರಡು ಉಸಿರು, ಅಷ್ಟು ಹೊತ್ತು ನಾನು ಅಂಥವಳಾಗಿದ್ದೆ.

"ಗಾಡಿ ಯಾರ್ ಒಯ್ದಾರ?" ಅಂದೆ.

"ಫೌಜಿ ಕಾಕಾ. ಮತ್ಯಾರ್ರಿ."

ಫೌಜಿ ಕಾಕಾ ನಮ್ಮ ಟ್ರಯಲ್ ಡ್ರೈವರ್. ಫೌಜಿನಲ್ಲಿ ಟ್ರಕ್ಕು ಓಡಿಸಿ ನಿವೃತ್ತರಾಗಿ ಬಂದವರು. ರಿಪೇರಿಯಾದ ಪ್ರತಿ ಗಾಡಿಗೂ ಅವರು ತಾಂಡೂರಿನ ಕಲ್ಲು ಹಾಸುಗಳನ್ನು ಭಾರಕ್ಕೆ ಹೇರಿಕೊಂಡು, ಧಾರೂರಿನ ಮೇಲಿಂದ ಅನಂತಗಿರಿ ಗುಡ್ಡ ಹತ್ತಿ, ಮೇಲೆ ತಿರುಗಿಸಿಕೊಂಡು ಇಳಿದು ಬರಬೇಕು. ಹತ್ತುವುದು ಎಂಜಿನ್ನಿನ ಪರೀಕ್ಷೆ, ಇಳಿಯುವುದು ಬ್ರೇಕಿನ ಪರೀಕ್ಷೆ. ನನ್ನನ್ನು ಬೇಟಿ ಎಂದು ಕರೆಯುತ್ತಿದ್ದರು. ಜಹೀರಾಬಾದಿಗೆ ಬಂದರೆ ನನ್ನ ಡಬ್ಬಿಯ ಸಜ್ಜೆ ರೊಟ್ಟಿ ಕಸಿದು ತಿನ್ನುತ್ತಿದ್ದರು.

"ನಿಲ್ಲಿಸು," ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಗಾಡಿ ನಿಲ್ಲಿಸು. ಆ ರಬ್ಬರ್ ಸತ್ತದ. ಏಳ್ ವರ್ಷದ್ದು ಅದು. ಇಳಿಬ್ಯಾಡಂತ ಹೇಳು ಕಾಕಾಗ."

"ಹ್ಯಾಂಗ್ ಹೇಳ್ಲಿ ಅಕ್ಕಾ? ಹೋಗಿ ಮುಕ್ಕಾಲ್ ತಾಸಾತು. ಫೋನ್ ಇಲ್ಲೇ ಡ್ರಾಯರ್‌ದಾಗ ಅದ."

ಟ್ರಯಲಿಗೆ ಹೋಗುವಾಗ ಡ್ರೈವರ್ ಫೋನು ಒಯ್ಯಬಾರದು. ಗಮನ ಬೇರೆ ಕಡೆ ಹೋಗಬಾರದೆಂದು ಮಾಡಿದ ಒಳ್ಳೆಯ ನಿಯಮ. ತಾಂಡೂರಿನವನು ಯಾರದೋ ಬೈಕಿನ ಕೀಲಿ ಕೇಳುತ್ತ ಓಡಿದ್ದು ಫೋನಿನಲ್ಲಿ ಕೇಳಿಸಿತು, ಆಮೇಲೆ ಬರೀ ಕಲ್ಲು ಕೊಯ್ಯುವ ಯಂತ್ರದ ಸದ್ದು.

ಮ್ಯಾನೇಜರ್ ಕೋಣೆಗೆ ಹೋದೆ. ಅವರು ಹೈದರಾಬಾದಿನವರು, ತೆಲುಗು ಮಾತಾಡುವವರು, ಎಂದೂ ದನಿ ಎತ್ತದವರು. ನಿಂತುಕೊಂಡೇ ಎಲ್ಲ ಹೇಳಿದೆ: ಟ್ರಂಕು, ಚೀಲ, ಹರಿದ ಪೊಟ್ಟಣ, 'ಜಜ್ಜಿದೆ' ಎಂದು ಬರೆದ ಸುಳ್ಳು ಕಾಗದ. ನನ್ನ ತೆಲುಗು ನಡುನಡುವೆ ಕನ್ನಡಕ್ಕೆ ಜಾರುತ್ತಿತ್ತು. ಅವರು ಒಂದೇ ಮಾತು ಕೇಳಿದರು, ಗಾಡಿ ಎಲ್ಲಿದೆ ಎಂದು. ಗುಡ್ಡದ ಮೇಲೆ ಅರಣ್ಯದವರ ತಪಾಸಣೆ ನಾಕಾ ಇದೆ, ಅಲ್ಲಿ ಅವರಿಗೆ ಗುರುತಿನವರು ಒಬ್ಬರು. ಫೋನು ಹಚ್ಚಿದರು. ಒಂದು ಸಲ ಹತ್ತಲಿಲ್ಲ. ಎರಡನೆಯ ಸಲವೂ ಹತ್ತಲಿಲ್ಲ. ಮೂರನೆಯ ಸಲಕ್ಕೆ ಹತ್ತಿತು.

ಮ್ಯಾನೇಜರ್ ಕೇಳಿಸಿಕೊಂಡರು, ಫೋನನ್ನು ಮೇಜಿನ ಮೇಲೆ ಇಟ್ಟರು.

"ಹಸಿರು ಗಾಡಿ ಐದು ನಿಮಿಷದ ಹಿಂದೆ ತಿರುಗಿಕೊಂಡು ಇಳಿಯಿತಂತಮ್ಮಾ," ಅಂದರು.

ಮುಂದಿನ ಅರ್ಧ ತಾಸು ನಾನು ಎಲ್ಲಿ ಕೂತೆ, ಎಲ್ಲಿ ನಿಂತೆ ಅನ್ನುವುದು ಸರಿಯಾಗಿ ನೆನಪಿಲ್ಲ. ತಂಪು ಕೋಣೆಯ ಮುಂದೆ ನೆಲದ ಮೇಲೆ ಕೂತಿದ್ದೆ ಎಂದು ಆಮೇಲೆ ಬೇರೆಯವರು ಹೇಳಿದರು. ಕೈಯಲ್ಲಿ ಫೋನಿತ್ತು, ಕಾಕಾನ ನಂಬರಿಗೆ ಹಚ್ಚುತ್ತಲೇ ಇದ್ದೆ. ಅದು ತಾಂಡೂರಿನ ಡ್ರಾಯರಿನಲ್ಲಿ ಬಡಕೊಳ್ಳುತ್ತಿದೆ ಎಂದು ಗೊತ್ತಿತ್ತು. ಆದರೂ ಹಚ್ಚಿದೆ. ಆ ಗುಡ್ಡದ ಇಳಿಜಾರು ನನಗೆ ಗೊತ್ತು, ಬಸ್ಸಿನಲ್ಲಿ ಎಷ್ಟೋ ಸಲ ಇಳಿದಿದ್ದೇನೆ. ಒಂದು ಕಡೆ ಕೊರೆದ ಗುಡ್ಡ, ಇನ್ನೊಂದು ಕಡೆ ಕಾಡಿನ ತಗ್ಗು. ಒಂದೊಂದು ತಿರುವನ್ನೂ ಮನಸ್ಸಿನಲ್ಲಿ ಇಳಿದೆ, ಪ್ರತಿ ತಿರುವಿನಲ್ಲೂ ಕಾಕಾನ ಕಾಲು ಪೆಡಲಿನ ಮೇಲೆ, ಪೆಡಲಿನ ತುದಿಯಲ್ಲಿ ನನ್ನ ಸೀರೆ ಚೀಲದ ರಬ್ಬರು. ಬೇವಿನ ಪುಡಿಯ ಕಹಿ ವಾಸನೆ ನನ್ನ ಬೆರಳಿನಲ್ಲಿ ಇನ್ನೂ ಇತ್ತು. ದೇವರನ್ನು ಕರೆಯುವ ಅಭ್ಯಾಸ ನಮ್ಮ ಮನೆಯಲ್ಲಿ ಕಡಿಮೆ. ನಾನು ಆ ರಬ್ಬರನ್ನೇ ಬೇಡಿಕೊಂಡೆ. ಇನ್ನೊಂದೇ ಸಲ ತಡಿ, ಇನ್ನೊಂದು ತಿರುವು ತಡಿ ಎಂದು.

ಹನ್ನೆರಡು ಹತ್ತು. ಹನ್ನೆರಡೂ ಕಾಲು. ತಾಂಡೂರಿನವನ ಫೋನು ಹತ್ತುತ್ತಿರಲಿಲ್ಲ, ಗುಡ್ಡದಲ್ಲಿ ಸಿಗ್ನಲ್ ಹೋಗಿ ಬರುತ್ತದೆ. ಗೋದಾಮಿನ ಹಮಾಲರು ಊಟದ ಡಬ್ಬಿ ಬಿಚ್ಚದೆ ಕೂತಿದ್ದರು. ಯಾರಾದರೂ ಬೈದಿದ್ದರೆ ಹಗುರವಾಗುತ್ತಿತ್ತು.

ಹನ್ನೆರಡೂವರೆಗೆ ಬಂತು.

"ಸಿಕ್ರು ಅಕ್ಕಾ. ಜೀವಂತ ಅದಾರ." ಅವನು ಅಳುತ್ತಿದ್ದನೋ ಏದುಸಿರು ಬಿಡುತ್ತಿದ್ದನೋ ತಿಳಿಯಲಿಲ್ಲ. "ಗಾಡಿ ಗುಡ್ಡಕ್ಕ ಹೊಡದದ. ಭುಜಾ ಮುರದದ, ಪಕ್ಕೆಲಬೂ ಮುರದಂಗ ಕಾಣ್ತದ. ಮಾತಾಡ್ಲಿಕತ್ತಾರ. ವಿಕಾರಾಬಾದಿನ ದವಾಖಾನಿಗಿ ಒಯ್ಲಿಕತ್ತೀವಿ."

ಮ್ಯಾನೇಜರ್ ಜೀಪಿನಲ್ಲಿ ನನ್ನನ್ನೂ ಕರೆದುಕೊಂಡು ಹೋದರು. ಕಾಕಾ ಮಂಚದ ಮೇಲಿದ್ದರು, ಎಡಗೈ ಎದೆಗೆ ಕಟ್ಟಿದ್ದರು, ಉಸಿರೆಳೆದಾಗಲೆಲ್ಲ ಮುಖ ಕಿವುಚುತ್ತಿದ್ದರು. ಆದದ್ದನ್ನು ತುಂಡು ತುಂಡಾಗಿ ಹೇಳಿದರು. ಮೊದಲ ಎರಡು ತಿರುವು ಸರಿ ಇತ್ತಂತೆ. ಮೂರನೆಯದರಲ್ಲಿ ಬ್ರೇಕ್ ತುಳಿದ ಕೂಡಲೇ ಫಟ್ ಎಂದು ಸದ್ದು, ಆಮೇಲೆ ಗಾಳಿ ಸುಂಯ್ ಎಂದು ಹೋದದ್ದು, ಗಾಳಿಯ ಒತ್ತಡ ತೋರಿಸುವ ಮುಳ್ಳು ಕೆಳಗೆ ಬಿದ್ದದ್ದು. ಗಾಡಿ ಬಲಕ್ಕೆ ಎಳೆಯಿತು. ಎದುರಿಗೆ ಹತ್ತಿ ಬರುತ್ತಿದ್ದ ಬಸ್ಸು. ಇರುವ ಬಲವನ್ನೆಲ್ಲ ಹಾಕಿ ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿ ಗುಡ್ಡದ ಮೊರಮು ಮಣ್ಣಿಗೆ ಗಾಡಿಯ ಮೂತಿ ಇಟ್ಟರು. ಗಾಡಿ ನಿಂತಿತು, ಹಿಂದಿನ ಕಲ್ಲು ನಿಲ್ಲಲಿಲ್ಲ. ಹಾಸುಗಳು ಜಾರಿ ಬಂದು ಕ್ಯಾಬಿನ್ನಿನ ಬೆನ್ನಿಗೆ ಬಡಿದವು.

"ಕಾಕಾ," ಅಂದೆ, "ಆ ರಬ್ಬರ್ ನಂದು. ಏಳ್ ವರ್ಷ ಮುಚ್ಚಿ ಇಟ್ಟಿದ್ದೆ. ತಾರೀಖಿನ ಪೊಟ್ಟಣ ನಾನೇ ಹರದ ಒಗದಿದ್ದೆ."

ಬೇಟಿ ಅನ್ನುತ್ತಾರೇನೋ, ಹೋಗಲಿ ಬಿಡು ಅನ್ನುತ್ತಾರೇನೋ ಎಂದು ನಾನು ಕಾದೆ. ಅವರು ಮೇಲೆ ತಿರುಗುವ ಫ್ಯಾನು ನೋಡುತ್ತಿದ್ದರು.

"ಬಸ್ಸಿನಾಗ ಒಂದ್ ಕೂಸು ಕಿಡಕ್ಯಾಗಿಂದ ಕೈ ಹೊರಗ ಹಾಕಿತ್ತು," ಅಂದರು. ಆಮೇಲೆ ಕಣ್ಣು ಮುಚ್ಚಿದರು. ನಾನು ಹೊರಗೆ ಬಂದೆ.

ಟ್ರಂಕನ್ನು ಶನಿವಾರ ಮ್ಯಾನೇಜರ್ ಎದುರು ತೆರೆದೆವು. ರಬ್ಬರಿನ ಸಾಮಾನನ್ನೆಲ್ಲ ನಾನೇ ಕತ್ತರಿಸಬೇಕೆಂದು ಅವರು ಹೇಳಿದರು. ಕೆಲವು ಕತ್ತರಿ ತಾಗುವ ಮೊದಲೇ ಹಪ್ಪಳದಂತೆ ಮುರಿದವು. ಕಂಪನಿಯಲ್ಲಿ ವಿಚಾರಣೆ ಆಯಿತು, ಫೌಜಿನವರಿಗೂ ಇದ್ದದ್ದನ್ನು ಇದ್ದ ಹಾಗೆ ಬರೆದು ಕೊಟ್ಟೆ. ಮೂರು ತಿಂಗಳು ಕೆಲಸದಿಂದ ಹೊರಗಿಟ್ಟರು. ತಾರೀಖಿನ ಕಾಲಂನಲ್ಲಿ ಸುಳ್ಳು ಬರೆಸಿದ್ದರೆ ನಿನ್ನ ಮುಖ ನಾನು ನೋಡುತ್ತಿರಲಿಲ್ಲ ಎಂದು ಮ್ಯಾನೇಜರ್ ಅಂದರು. ಆ ಎರಡು ಉಸಿರಿನ ಸುದ್ದಿ ಅವರಿಗೆ ನಾನು ಹೇಳಿಲ್ಲ. ಇಲ್ಲಿ ಬರೆದಿದ್ದೇನೆ.

ಆ ಮೂರು ತಿಂಗಳು ಅವ್ವನ ಹತ್ತಿರ ಇದ್ದೆ. ಬಹಳ ದಿನ ಅವಳಿಗೆ ಹೇಳಲಾಗಲಿಲ್ಲ. ಜೂನಿನಲ್ಲಿ ಮಿರ್ಗದ, ಅಂದರೆ ಮೃಗಶಿರಾದ, ಬಿತ್ತನೆಯ ಮಳೆ ಹನಿದ ದಿನ ಮುಂಜಾನೆ ಅವಳು ಬುಟ್ಟಿಗಳ ಬಾಯಿಯ ಮಣ್ಣು ಒಡೆದು, ಬೀಜವನ್ನೆಲ್ಲ ಮೊರಕ್ಕೆ ಸುರಿಯುತ್ತಿದ್ದಳು. ಒಂದು ಬುಟ್ಟಿಯನ್ನು ಬೋರಲು ಹಾಕಿ ತಳ ಬಡಿದಳು. ಒಂದು ಕಾಳೂ ಉಳಿಯಲಿಲ್ಲ. ನಾನು ಅದನ್ನು ಆವರೆಗೆ ನೋಡಿಯೇ ಇರಲಿಲ್ಲ. ಬಿತ್ತನೆಯ ಹೊತ್ತಿಗೆ ಹಾಸ್ಟೆಲಿನ ಬಾಗಿಲು ತೆರೆದಿರುತ್ತಿತ್ತು, ನಾನು ಹೋಗಿರುತ್ತಿದ್ದೆ.

"ಅವ್ವಾ, ಬುಟ್ಟಿ ಬರಿದ ಮಾಡಬಾರದಂತಿದ್ದೆಲ್ಲ," ಅಂದೆ. ಅಲ್ಲಿಗೆ ತಡೆಯಲಾಗದೆ ಎಲ್ಲ ಹೇಳಿದೆ.

ಅವಳು ಮೊರ ಕೆಳಗಿಟ್ಟು ಕೇಳಿದಳು.

"ತಿನ್ನಾಕ ಬರಿದ ಮಾಡಬ್ಯಾಡಂತ ಹೇಳೀನಿ," ಅಂದಳು. "ಬುಟ್ಯಾಗೇ ಸಾಯಿಸಂತ ಹೇಳೀನೇನು? ಮಿರ್ಗಕ್ಕ ಹಳೇದು ನೆಲಕ್ಕ ಹೋಗಬೇಕು, ಸುಗ್ಗ್ಯಾಗ ಹೊಸಾದು ಬುಟ್ಟಿಗಿ ಬರಬೇಕು. ಏಳ್ ವರ್ಷದ ಬೀಜ ಬಿತ್ತಿದ್ರ ಏನ್ ಹುಟ್ತದ? ನೀ ಅರ್ಧ ನೋಡಿದಿ ಮಗಳ, ಅರ್ಧಕ್ಕೇ ಶಾಣ್ಯಾಕಿ ಆದಿ."

ಬೈದಳೋ ಮರುಗಿದಳೋ ಗೊತ್ತಾಗಲಿಲ್ಲ. ಬೀಜದ ಮೊರ ನನ್ನ ತಲೆಗೆ ಹೊರಿಸಿ ಮುಂದೆ ನಡೆದಳು. ಆ ದಿನ ಸಾಲು ಹಿಡಿದು ನಾನೂ ಬಿತ್ತಿದೆ.

ಕೆಲಸಕ್ಕೆ ಮರಳಿದಾಗ ಮೂರು ಗೋದಾಮಿನ ಉಸ್ತುವಾರಿ ಬೇರೊಬ್ಬರಿಗೆ ಹೋಗಿತ್ತು. ನನಗೆ ತಂಪು ಕೋಣೆ ಮಾತ್ರ. ಹಳೆಯದು ಮೊದಲು ಹೊರಗೆ, ಹೊಸದು ಹಿಂದೆ. ತಾರೀಖು ಹತ್ತಿರ ಬಂದದ್ದನ್ನು ಮುಂದಿನ ಸಾಲಿಗೆ ತಂದು, ಎಲ್ಲಿ ಬೇಕೋ ಅಲ್ಲಿಗೆ ಕಳಿಸಿಬಿಡುತ್ತೇನೆ. ಯಾರಾದರೂ ಇಲ್ಲದ್ದನ್ನು ಕೇಳಿದರೆ ಇಲ್ಲ ಅನ್ನುತ್ತೇನೆ. ಮೊದಮೊದಲು ನಾಲಿಗೆ ತಡವರಿಸುತ್ತಿತ್ತು. ತಾಂಡೂರಿನವನು ಈಗ ನನ್ನನ್ನು ಅನ್ನಪೂರ್ಣಿ ಅನ್ನುವುದಿಲ್ಲ, ಬರೀ ಅಕ್ಕ ಅನ್ನುತ್ತಾನೆ.

ಕಾಕಾ ಆರು ತಿಂಗಳಾದ ಮೇಲೆ ಮತ್ತೆ ಸ್ಟೇರಿಂಗ್ ಹಿಡಿದರು. ಎಡಗೈ ಭುಜದಿಂದ ಮೇಲೆ ಏಳುವುದಿಲ್ಲ. ಜಹೀರಾಬಾದಿಗೆ ಬಂದರೂ ನನ್ನ ಡಬ್ಬಿಗೆ ಕೈ ಹಾಕುವುದಿಲ್ಲ. ಬೇಟಿ ಎಂದು ಕರೆಯುವುದಿಲ್ಲ. ನಾನೂ ಅದನ್ನು ಕೇಳಲಾರೆ.

ಆದರೆ ಟ್ರಯಲ್ ಇದ್ದ ದಿನ, ಫೋನನ್ನು ಡ್ರಾಯರಿಗೆ ಕಳಿಸುವ ಮೊದಲು, ಗಾಡಿಯಲ್ಲಿ ಕೂತು ಒಂದು ಕರೆ ಮಾಡುತ್ತಾರೆ. ಹಲೋ ಇಲ್ಲ, ಹ್ಯಾಂಗಿದ್ದಿ ಇಲ್ಲ.

"ತಾರೀಖ್ ಹೇಳು," ಅನ್ನುತ್ತಾರೆ.

ಆ ಗಾಡಿಗೆ ಹೋದ ಪ್ರತಿಯೊಂದು ರಬ್ಬರಿನ ತಾರೀಖನ್ನು ನಾನು ಓದುತ್ತೇನೆ. ಕೊನೆಯದನ್ನು ಓದಿ ಮುಗಿಸಿದ ಮೇಲೆ, ಫೋನನ್ನು ತಾಂಡೂರಿನವನ ಕೈಗೆ ಕೊಡುವ ಮುಂಚೆ, ಅವರು ಕೀಲಿ ತಿರುವುತ್ತಾರೆ. ಎಂಜಿನ್ನು ಶುರುವಾದದ್ದು ನನಗೆ ಇಲ್ಲಿ ಕೇಳುತ್ತದೆ. ಅವರು ಇಳಿದು ಬಂದ ಸುದ್ದಿ ಬರುವ ತನಕ ನಾನು ಡಬ್ಬಿ ಬಿಚ್ಚುವುದಿಲ್ಲ.